ಪೋರರ ರ‍್ಯಾಪೂ ನಮ್ಮ ದಪ್ಪಿನ ಪದವೂ

ಹೋದ ವರ್ಷ ನವರಾತ್ರಿಗೆ ನಮ್ಮ ವಾಚನಾಲಯದ ಅಂಗಳದಲ್ಲಿ ಹಾಡಿಕೆ ಇಟ್ಟಾಗ ಊರಿನ ನಾಲ್ಕು ಮಂದಿ ಪೋರರು ಬಂದು ಅರ್ಧ ತಾಸು ತಮಗೂ ಬೇಕೆಂದು ಕೇಳಿದರು. ಏನು ಹಾಡ್ತೀರಿ ಅಂದರೆ ರ‍್ಯಾಪ್ ಅಂದರು. ಕಮಿಟಿಯವರು ನನ್ನ ಮಾರಿ ನೋಡಿದರು. ಮೇಳದ ಹಿರಿಯ ನಾನು. ನಾನು ಹೂಂ ಅಂದಿದ್ದರೆ ಅವರೂ ಹೂಂ ಅನ್ನುತ್ತಿದ್ದರು. "ದೇವಿ ಮುಂದ ಇದೆಲ್ಲಾ ಬ್ಯಾಡ್ರಿ. ಹಾಡಂದ್ರ ಹಾಡಿರಬೇಕು, ಬಡಬಡಿಸಿದ್ರ ಹಾಡಾಗ್ತದೇನು?" ಅಂದುಬಿಟ್ಟೆ. ಪೋರರು ಸುಮ್ಮನೆ ಎದ್ದು ಹೋದರು. ಅವರೊಳಗೆ ಒಬ್ಬ ನನ್ನ ಮೊಮ್ಮಗನೇ ಇದ್ದ. ಮನೆಯಲ್ಲಿ ಎಂಟು ದಿವಸ ನನ್ನ ಕೂಡ ಮಾತು ಬಿಟ್ಟ.

ಈ ಸಲದ ಪುಸ್ತಕಕ್ಕೆ ಹಾಡಿನ ಬಗ್ಗೆ ಏನಾದರೂ ಬರೆಯಿರಿ ಎಂದು ಸಾಲಿಯ ಗುರುಗಳು ಹೇಳಿದಾಗ ನನಗೆ ಆ ರಾತ್ರಿಯೇ ನೆನಪಿಗೆ ಬಂತು. ನಾನು ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆ ತನಕ ಓದಿದವನು. ನಾಲ್ಕು ಎಕರೆ ಒಣ ಬೇಸಾಯ, ಅದರಲ್ಲಿ ಜೋಳ ಸಜ್ಜೆ. ನಲವತ್ತು ವರ್ಷದಿಂದ ಹರದೇಶಿ ಹಾಡುತ್ತ ಬಂದಿದ್ದೇನೆ. ಗುಡ್ಡಾಪುರದ ದಾನಮ್ಮನ ಜಾತ್ರೆಯಿಂದ ಹಿಡಿದು ಆಚೆ ಇಂಡಿ, ಈಚೆ ಅಕ್ಕಲಕೋಟೆ ತನಕ ದಪ್ಪು ಹೊತ್ತುಕೊಂಡು ಹೋದವನು. ವಿಮರ್ಶೆ ಎಂದು ಗುರುಗಳು ಯಾವುದಕ್ಕೆ ಅನ್ನುತ್ತಾರೋ ಅದು ನನಗೆ ಬರುವುದಿಲ್ಲ. ಆದರೆ ಎದುರಿನ ಮೇಳದವರು ಹಾಡಿದ ಪದದಲ್ಲಿ ಎಲ್ಲಿ ಕಾಳು ಅದ, ಎಲ್ಲಿ ಹೊಟ್ಟು ಅದ ಎಂದು ಅವರು ಹಾಡು ಮುಗಿಸುವುದರೊಳಗೆ ತೂರಿ ನೋಡುವುದು ನಮ್ಮ ಕಸುಬು. ಆ ಮೊರದಲ್ಲೇ ರ‍್ಯಾಪನ್ನೂ ಹಾಕಿ ನೋಡಿದ್ದೇನೆ.

ಮೊದಲ ಸಲ ಕೇಳಿದಾಗ ಏನೂ ಹತ್ತಲಿಲ್ಲ. ಮೊಮ್ಮಗ ಫೋನ್ ಹಚ್ಚಿ ನನ್ನ ಕಿವಿಗೆ ವಾಯರ್ ಸಿಕ್ಕಿಸಿದ. ಡಬ್ ಡಬ್ ಎಂದು ಎದೆಗೆ ಗುದ್ದುವ ಸಪ್ಪಳ, ಅದರ ಮೇಲೆ ಒಬ್ಬಾಂವ ಉಸಿರು ತಗೊಳ್ಳದೆ ಜಗಳಾಡಿದಂತೆ ಮಾತಾಡುತ್ತಾನೆ. ರಾಗ ಇಲ್ಲ, ಎಳೆತ ಇಲ್ಲ. ಎರಡನೇ ಸಲ, ಮೂರನೇ ಸಲ ಕೇಳಿದ ಮೇಲೆ ಕಿವಿ ಬೇಡವೆಂದರೂ ನನ್ನ ಬೆರಳು ಮೊಣಕಾಲಿನ ಮೇಲೆ ಲೆಕ್ಕ ಹಾಕತೊಡಗಿದವು. ನಾಲ್ಕು ಪೆಟ್ಟಿಗೆ ಒಂದು ಸಾಲು. ಸಾಲಿನ ಕೊನೆಗೆ ಪ್ರಾಸ. ಅಂಥ ಹದಿನಾರು ಸಾಲು ಕೂಡಿದರೆ ಒಂದು ನುಡಿ ಎಂಬುದು ಅವರಲ್ಲಿ ಬಳಕೆಯ ಅಳತೆಯಂತೆ. ನಡುನಡುವೆ ಮತ್ತೆ ಮತ್ತೆ ಬರುವ ತುಣುಕು ನಮ್ಮ ಪಲ್ಲವೇ. ಹೆಸರು ಬ್ಯಾರೆ, ಕಟ್ಟಾಣಿಕೆ ಬ್ಯಾರೆ ಅಲ್ಲ.

ಇದು ಎಲ್ಲಿಂದ ಬಂತು ಎಂದು ಗುರುಗಳನ್ನು ಕೇಳಿದೆ. ಅವರು ಹುಡುಕಿ ಓದಿ ಹೇಳಿದ್ದು ಇಷ್ಟು. ಅಮೇರಿಕೆಯ ನ್ಯೂಯಾರ್ಕ್ ಪಟ್ಟಣದಲ್ಲಿ ಬ್ರಾಂಕ್ಸ್ ಎಂಬ ಭಾಗ. ಅಲ್ಲಿ ಬಡ ಕರಿಯ ಜನ, ಜಮೈಕಾ, ಪೋರ್ಟೊರಿಕೊ ಕಡೆಯಿಂದ ಬಂದ ಜನ ಬಹಳ. 1973ರ ಆಗಸ್ಟ್ 11ರಂದು ಕೂಲ್ ಹರ್ಕ್ ಎಂದು ಕರೆಸಿಕೊಳ್ಳುವ ಹುಡುಗ ತನ್ನ ತಂಗಿ ಇಟ್ಟ ಪಾರ್ಟಿಯಲ್ಲಿ ಎರಡು ಗ್ರಾಮಫೋನ್ ಚಕ್ರ ಇಟ್ಟು ಹಾಡು ಹಚ್ಚಿದ. ಅವನೂ ಜಮೈಕಾದಲ್ಲಿ ಹುಟ್ಟಿದವನು. ಹಾಡಿನಲ್ಲಿ ದನಿ ನಿಂತು ಬರೀ ಬಾರಿಸುವುದು ಉಳಿಯುತ್ತದಲ್ಲ, ಜನ ಅಲ್ಲೇ ಹೆಚ್ಚು ಕುಣಿಯುವುದನ್ನು ಅವನು ಕಂಡಿದ್ದ. ಅದಕ್ಕೆ ಒಂದೇ ತಟ್ಟೆಯ ಎರಡು ಪ್ರತಿ ಇಟ್ಟುಕೊಂಡು, ಅಲ್ಲಿ ಮುಗಿಯುವುದರೊಳಗೆ ಇಲ್ಲಿ ಸುರು ಮಾಡಿ, ಆ ತುಣುಕನ್ನೇ ಉದ್ದ ಎಳೆಯುವ ಹಿಕಮತ್ತು ಅವನಿಂದ ಬೆಳೆಯಿತು. ಆ ಬಾರಿಸುವಿಕೆಯ ಮೇಲೆ ಮೈಕ್ ಹಿಡಿದು ಮಾತು ಪೋಣಿಸುತ್ತ ಹೋದದ್ದು ರ‍್ಯಾಪ್ ಆಯಿತು. ವಾದ್ಯ ಕೊಳ್ಳಲು ರೊಕ್ಕವಿಲ್ಲದ ಹುಡುಗರು ಗ್ರಾಮಫೋನನ್ನೇ ವಾದ್ಯ ಮಾಡಿಕೊಂಡರು. ನಮ್ಮ ಹಿರಿಯರು ಸತ್ತ ಆಡಿನ ಚರ್ಮವನ್ನು ಕಟ್ಟಿಗೆಯ ಬಳೆಗೆ ಬಿಗಿದು ದಪ್ಪು ಮಾಡಿದರಲ್ಲ, ಆ ಸುದ್ದಿ ನನಗೆ ಗೊತ್ತಿದ್ದದ್ದೇ.

ಈಗ ವಾಚನಾಲಯದ ಕಟ್ಟೆಯ ಮೇಲೆ ನಡೆದ ವಾದಕ್ಕೆ ಬರುತ್ತೇನೆ. ಅಲ್ಲಿ ಹೆಚ್ಚಿನವರು ಹೇಳಿದ ಮಾತು: ರ‍್ಯಾಪಿನಲ್ಲಿ ಪ್ರಾಸ ಬಿಟ್ಟರೆ ಏನೂ ಇಲ್ಲ, ಕಾವ್ಯ ಎಂದರೆ ಪಂಪ, ಕುಮಾರವ್ಯಾಸ, ಸರ್ವಜ್ಞ. ಇವರ ಎದುರು ಅದನ್ನು ಇಟ್ಟರೆ ಹುಲಿಯ ಮುಂದೆ ಬೆಕ್ಕನ್ನು ಇಟ್ಟಂತೆ. ನಾನೂ ಆ ದಿನ ತಲೆ ಅಲ್ಲಾಡಿಸಿದೆ. ರಾತ್ರಿ ಮಲಗಿದಾಗ ಬ್ಯಾರೆಯೇ ಅನಿಸಿತು. ಕುಮಾರವ್ಯಾಸನ ಪಕ್ಕ ನಿಲ್ಲಿಸಿದರೆ ನಮ್ಮ ಹರದೇಶಿ ಪದ ಉಳಿದೀತೇನು? ನಾನು ಕಟ್ಟಿದ ಪದಗಳಂತೂ ಉಳಿಯುವುದಿಲ್ಲ. ಬೆಕ್ಕನ್ನು ಬೆಕ್ಕಿನ ಕೂಡ ನೋಡಬೇಕು. ರ‍್ಯಾಪಿನ ಹತ್ತಿರದ ನೆಂಟ ಯಾರು ಎಂದು ಮೊದಲು ಹುಡುಕಬೇಕು.

ತ್ರಿಪದಿ ಅಂತೂ ಅಲ್ಲ. ಅದನ್ನು ಯಾಕೆ ಹೇಳುತ್ತೇನೆಂದರೆ ಗುರುಗಳು ಪ್ರಾಸ ಎಂಬ ಒಂದೇ ಮಾತನ್ನು ಎರಡಕ್ಕೂ ಬಳಸಿದರು, ಅಲ್ಲಿ ಗೊಂದಲ ಆಯಿತು. ನಾನು ಹರೆಯದಲ್ಲಿ ಕಟ್ಟಿದ ಒಂದು ತ್ರಿಪದಿ ಇಡುತ್ತೇನೆ. 1972ರ ಬರದಾಗ ನಾನು ಸಣ್ಣವ, ಅವ್ವನ ಕೂಡ ಖಡಿ ಒಡೆಯುವ ಕೆಲಸಕ್ಕೆ ಹೋಗಿ ಅಲ್ಲಿ ಕೊಡುತ್ತಿದ್ದ ಸುಕಡಿ ತಿಂದು ಬೆಳೆದವನು. ಅದರ ನೆನಪಿನಿಂದ ಮುಂದೆ ಕಟ್ಟಿದ್ದು:

ಕೆರಿಯ ನೀರಿಂಗೈತಿ ಕರಿಯ ನೆಲ ಬಿರಿದೈತಿ
ಮರಿಕುರಿಗಿ ನೆರಳು ಸಿಗಲಿಲ್ಲ – ಮುಗಿಲಾಗ
ಬರಿಗಾಳಿ ಬಂದು ತಿರುಗೈತಿ

ಇದರಲ್ಲಿ ಪ್ರಾಸ ಎಲ್ಲಿ ಅದ ನೋಡಿರಿ. ಕೆರಿ, ಮರಿ, ಬರಿ. ಸಾಲಿನ ಎರಡನೇ ಅಕ್ಷರಕ್ಕೆ. ಕನ್ನಡದ ಹಳೇ ಪದ್ಧತಿ ಅದು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಕಾಲಕ್ಕೆ ಕಪ್ಪೆ ಅರಭಟ್ಟನ ಹೆಸರಿನ ಶಾಸನದಲ್ಲಿ ಕೆತ್ತಿದ್ದೂ ತ್ರಿಪದಿಯೇ. ಪ್ರಾಸ ಮುಂದೆ ಬಂದರೆ ಅದು ಬಾಗಿಲ ಚೌಕಟ್ಟು ಇದ್ದಂತೆ, ಒಳಗೆ ಹೊಕ್ಕ ಮೇಲೆ ಮನೆ ಎಷ್ಟು ದೂರವೂ ಹೋಗಬಹುದು. ಸಾಲಿನ ಕೊನೆಯಲ್ಲಿ ಹೆಣ್ಣುಮಕ್ಕಳು ದನಿಯನ್ನು ಎಳೆಯುತ್ತಿದ್ದರು. ಎರಡನೇ ಸಾಲಿನ ತುದಿಗೆ ಮುಗಿಲಾಗ ಎಂದು ನಿಲ್ಲಿಸಿ, ಬೀಸುವ ಕಲ್ಲನ್ನು ಒಂದು ಸುತ್ತು ಸುಮ್ಮನೆ ತಿರುಗಿಸಿ, ಮತ್ತೊಂದು ಹಿಡಿ ಜೋಳ ಹಾಕಿ, ಆಮೇಲೆ ಮೂರನೇ ಸಾಲು. ಆ ಖಾಲಿ ಸುತ್ತಿನಲ್ಲೇ ಕೇಳುವವರಿಗೆ ಎದೆ ಹಿಂಡುತ್ತಿತ್ತು. ತ್ರಿಪದಿಯಲ್ಲಿ ಮಾತು ಕಡಿಮೆ, ಜಾಗ ಹೆಚ್ಚು.

ರ‍್ಯಾಪಿನಲ್ಲಿ ಪ್ರಾಸ ಕೊನೆಗೆ ಬರುತ್ತದೆ. ಕೊನೆಗೆ ಬರುವ ಪ್ರಾಸ ದಪ್ಪಿನ ಮೇಲೆ ಹೊಡೆದ ಕಡೇ ಪೆಟ್ಟು. ಕೇಳುವವನು ಅದಕ್ಕೆ ಕಾಯುತ್ತಾನೆ, ಬಂದಾಗ ಭಲೇ ಅನ್ನುತ್ತಾನೆ, ಅಲ್ಲಿಗೆ ಆ ಸಾಲು ಮುಗಿಯಿತು, ಮುಂದಿನದು ಬರಲಿ. ನಮ್ಮ ಲಾವಣಿ, ಗೀಗೀ ಪದಗಳೂ ಈ ಕೊನೇ ಪ್ರಾಸದ ಮೇಲೆಯೇ ನಿಂತಿವೆ. ಬೀಸುವಾಗ ಮನೆಯೊಳಗೆ ತನಗೆ ತಾನೇ ಹಾಡಿಕೊಳ್ಳುವ ಹಾಡಿಗೆ ಒಂದು ನಡಿಗೆ, ಸಾವಿರ ಮಂದಿಯ ಮುಂದೆ ನಿಂತು ಗೆಲ್ಲಬೇಕಾದ ಹಾಡಿಗೆ ಇನ್ನೊಂದು ನಡಿಗೆ. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ತ್ರಿಪದಿ ಬಾಯಿಂದ ಪುಸ್ತಕಕ್ಕೆ ಹೋಯಿತು. ಗಡಿಯ ಆಚೆ ಹಲಸಂಗಿಯ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು 1931ರಲ್ಲಿ ಗರತಿಯ ಹಾಡು ಅಚ್ಚು ಹಾಕಿಸದೇ ಇದ್ದಿದ್ದರೆ ಎಷ್ಟು ಹಾಡು ಮಣ್ಣಾಗುತ್ತಿದ್ದವೋ. ಅದೇ ಹಲಸಂಗಿಯವನು ಲಾವಣಿಯ ಖಾಜಾಭಾಯಿ. ಒಂದೇ ಊರಲ್ಲಿ ಎರಡೂ ನಡಿಗೆ ಇದ್ದವು, ಒಂದನ್ನು ಇನ್ನೊಂದರ ಗಜದಿಂದ ಯಾರೂ ಅಳೆಯಲಿಲ್ಲ.

ಹಾಗಾದರೆ ರ‍್ಯಾಪಿನ ನೆಂಟ ನಮ್ಮ ಹರದೇಶಿ-ನಾಗೇಶಿಯೇ ಎಂದು ನನ್ನ ತೀರ್ಮಾನ. ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಹರದೇಶಿಯವರು ತುರಾಯಿ ಪಕ್ಷ, ಶಿವ ದೊಡ್ಡಾಂವ, ಗಂಡು ದೊಡ್ಡದು ಎಂದು ಹಾಡಬೇಕು. ನಾಗೇಶಿಯವರು ಕಲ್ಗಿ ಪಕ್ಷ, ಶಕ್ತಿ ದೊಡ್ಡಾಕಿ, ಹೆಣ್ಣು ದೊಡ್ಡದು ಎಂದು ಹಾಡಬೇಕು. ಎರಡು ಮೇಳ ಎದುರಾ ಬದರಾ ನಿಲ್ಲುತ್ತವೆ. ಮುಂದಿನವನ ಕೈಯಲ್ಲಿ ದಪ್ಪು, ಹಿಮ್ಮೇಳದವರ ಕೈಯಲ್ಲಿ ತುಂತುಣಿ, ತಾಳ. ರಾತ್ರಿ ಊಟದ ಮೇಲೆ ನಿಂತರೆ ಬೆಳಗಿನ ತನಕ ಸವಾಲು ಜವಾಬು. ಅವರು ಪದದಲ್ಲಿ ಕೇಳಿದ್ದಕ್ಕೆ ನಾವು ಪದದಲ್ಲೇ ಹೇಳಬೇಕು. ಅಮೇರಿಕೆಯ ಹುಡುಗರೂ ಹೀಗೇ ಇಬ್ಬರು ಇಬ್ಬರು ಎದುರಿಗೆ ನಿಂತು ರ‍್ಯಾಪಿನಲ್ಲಿ ಬಡಿದಾಡುತ್ತಾರೆ. ಅದಕ್ಕೆ ಬ್ಯಾಟಲ್ ಅನ್ನುತ್ತಾರೆ. 2019ರಲ್ಲಿ ಬಂದ ಗಲ್ಲಿ ಬಾಯ್ ಎಂಬ ಹಿಂದಿ ಸಿನಿಮಾದಲ್ಲಿ ಮುಂಬಯಿ ಧಾರಾವಿಯ ಹುಡುಗ ಅಂಥ ಪಣಕ್ಕೆ ನಿಂತದ್ದನ್ನು ಮೊಮ್ಮಗ ತೋರಿಸಿದ. ಡಿವೈನ್, ನೇಜಿ ಎಂಬ ಇಬ್ಬರು ನಿಜವಾದ ಮುಂಬಯಿ ಹುಡುಗರ ಬಾಳುವೆಯಿಂದ ಆ ಕತೆ ಎದ್ದದ್ದಂತೆ. ಅವನು ಮೊದಲ ಸಲ ಮಂದಿಯ ಮುಂದೆ ನಿಂತು ಬಾಯಿ ಕಟ್ಟಿ ಹೋಗುವುದನ್ನು ನೋಡಿ ನನ್ನ ಹೊಟ್ಟೆಯಲ್ಲೂ ಖಳಕ್ ಅಂದಿತು.

ಯಾಕೆಂದರೆ ನನ್ನ ಬಾಯಿಯೂ ಕಟ್ಟಿತ್ತು. ಹರೆಯದಲ್ಲಿ, ಭೀಮಾ ದಂಡೆಯ ಒಂದು ಊರಲ್ಲಿ. ಎದುರಿಗೆ ನಾಗೇಶಿ ಹಾಡುವ ಹೆಣ್ಣುಮಗಳು, ನನ್ನ ಅವ್ವನ ವಯಸ್ಸಿನಾಕಿ. ನಾನು ಜೋರಿನಿಂದ, ಹೊಲ ಹೆಣ್ಣಾದರೂ ಬೀಜ ಗಂಡಿನದು, ಬೀಜ ಇಲ್ಲದ ಹೊಲ ಬೀಳು ಎಂದು ಹಾಡಿದೆ. ಜನ ಸೀಟಿ ಹೊಡೆದರು. ಆಕೆ ಅವಸರ ಮಾಡಲಿಲ್ಲ. ದಪ್ಪನ್ನು ಬೆಂಕಿಗೆ ಹಿಡಿದು ಕಾಸಿಕೊಂಡು ಬಂದು ಮೆಲ್ಲಗೆ ಕೇಳಿದಳು: ಬಿತ್ತಿದ ಬೀಜ ಹೋದ ವರ್ಷದ ಹೊಲದಲ್ಲಿ ಬೆಳೆದದ್ದೇ ಹೌದಲ್ಲೋ ತಮ್ಮಾ, ಹಾಗಾದರೆ ಬೀಜ ಹಡೆದಾಕಿ ಯಾರು? ನಾನು ಒಕ್ಕಲಿಗ. ವರ್ಷಾ ಬೀಜ ಆರಿಸಿ ಬೂದಿ ಹಚ್ಚಿ ಇಡುವವನು. ನನಗೇ ಉತ್ತರ ಹೊಳೆಯಲಿಲ್ಲ. ಪುರಾಣದ ಯಾವುದೋ ಪದ ಹಾಡಿ ಹೊತ್ತು ಕಳೆದೆ, ಜನಕ್ಕೆ ತಿಳಿಯಿತು. ಬೆಳಗಿನ ಜಾವ ಆಕೆಯ ಕಾಲು ಮುಟ್ಟಿ ಬಂದೆ.

ಇಂಥ ಪದದ ಬೆಲೆ ಯಾವುದರಲ್ಲಿ ಅದ? ಬರೆದು ಓದಿದರೆ ಆಕೆಯ ಪದ ಸಾದಾ ಮಾತು. ಅಲಂಕಾರ ಇಲ್ಲ, ಉಪಮೆ ಇಲ್ಲ. ಆದರೆ ನನ್ನ ಪದದ ಹೊಟ್ಟೆಯೊಳಗಿನಿಂದಲೇ ತೆಗೆದು ನನಗೇ ತಿರುಗಿ ಕೊಟ್ಟಳು. ನನ್ನ ಪದ ಇಲ್ಲದಿದ್ದರೆ ಆಕೆಯ ಪದ ಹುಟ್ಟುತ್ತಿರಲಿಲ್ಲ. ಪುಸ್ತಕದ ಕವಿತೆಯನ್ನು ಒಂಟಿಯಾಗಿ ಕೂತು ಓದಿ ಒಳ್ಳೇದು ಕೆಟ್ಟದ್ದು ಹೇಳಬಹುದು. ಸವಾಲಿನ ಪದವನ್ನು ಹಾಗೆ ಹೇಳಲಿಕ್ಕೆ ಬರುವುದಿಲ್ಲ, ಅದು ಯಾವ ಮಾತಿಗೆ ಉತ್ತರ, ಎಷ್ಟು ಹೊತ್ತಿನೊಳಗೆ ಕೊಟ್ಟ ಉತ್ತರ ಎಂಬುದನ್ನೂ ಹಿಡಿಯಬೇಕು. ರ‍್ಯಾಪನ್ನು ಕಾಗದದ ಮೇಲೆ ಇಳಿಸಿ, ನೋಡ್ರಿ ಇದರಾಗ ಏನೂ ಇಲ್ಲ ಅನ್ನುವವರಿಗೆ ನನ್ನ ತಕರಾರು ಇದೇ. ನಮ್ಮ ಪದಗಳಿಗೂ ಪಂಡಿತರು ಒಂದು ಕಾಲಕ್ಕೆ ಹೀಗೇ ಅಂದರು.

ಬಡಾಯಿ ಬಹಳ, ಹೊಲಸು ಮಾತು ಬಹಳ ಎಂಬುದು ಎರಡನೇ ಆರೋಪ. ಖರೇ ಅದ. ನಾ ಹಿಂಗ, ನಾ ಹಂಗ, ನನ್ನ ಕಾರು, ನನ್ನ ಚೈನು ಎಂದು ಕೊರೆಯುವ ರ‍್ಯಾಪು ಕೇಳಿ ಕೇಳಿ ನನಗೆ ತಲೆ ಶೂಲೆ ಬಂದದ್ದುಂಟು. ಸಿನಿಮಾದವರು ನಡುವೆ ತುರುಕುವ ರ‍್ಯಾಪಂತೂ ಹೆಚ್ಚಿನದು ಉಪ್ಪಿಲ್ಲದ ಅಂಬಲಿ. ಆದರೆ ಬಡಾಯಿ ನಮ್ಮಲ್ಲಿ ಇರಲಿಲ್ಲವೇನು? ಪದದ ಕಡೇ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ತನ್ನ ಹೆಸರು ಹಾಕಿ, ನಮ್ಮ ಪದದ ಮುಂದೆ ನಿಮ್ಮದು ನಿಲ್ಲದು ಎಂದು ಹಾಡುವುದು ನಮ್ಮ ಪದ್ಧತಿಯೇ. ಒಂದು ಫರಕು ಅದ. ನಮ್ಮ ಬಡಾಯಿಯಲ್ಲಿ ಗುರುವಿನ ಹೆಸರು ಮೊದಲು, ತನ್ನ ಹೆಸರು ಆಮೇಲೆ. ಹೊಲಸಿನ ಮಾತು ಹೇಳುವುದಾದರೆ ನನ್ನದೇ ತಪ್ಪು ಒಪ್ಪಿಕೊಳ್ಳುತ್ತೇನೆ. ಈ ವಾಚನಾಲಯದ ಪುಸ್ತಕಕ್ಕೆ ನಮ್ಮ ಮೇಳದ ಪದಗಳನ್ನು ಬರೆದುಕೊಟ್ಟಾಗ ವಹಿಯಿಂದ ಹನ್ನೊಂದು ಪದ ನಾನೇ ತೆಗೆದಿಟ್ಟೆ. ನಡುರಾತ್ರಿ ಮಕ್ಕಳು ಮಲಗಿದ ಮೇಲೆ ಎದುರಿನವರನ್ನು ಕೆಣಕಲು ಹಾಡಿದ ಪದಗಳು ಅವು. ಗುರುಗಳು ಓದಿ, ನಿಮ್ಮ ಹಾಡು ಎಷ್ಟು ಶುದ್ಧ ಎಂದು ಹೊಗಳಿದರು, ನಾನು ಸುಮ್ಮನಾದೆ. ನಮ್ಮದನ್ನು ತೊಳೆದು ತೋರಿಸಿ, ಅವರದನ್ನು ರಾಡಿ ಸಹಿತ ತೂಗುವುದು ನ್ಯಾಯವೇ?

ಇನ್ನು ರ‍್ಯಾಪಿನಲ್ಲಿ ಎಲ್ಲ ಬಡಾಯಿಯೂ ಅಲ್ಲ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅವರ ಮೇಳದ ಹೆಸರಿನಲ್ಲಿ ದಿ ಮೆಸೇಜ್ ಎಂಬ ಹಾಡು ಬಂತು. ಆ ಬಡ ಓಣಿಯ ಬಾಳುವೆ, ಒಡೆದ ಗಾಜು, ಕೆಲಸವಿಲ್ಲದ ಜನ, ಹಾದಿ ತಪ್ಪಿ ಜೀವ ಕಳೆದುಕೊಳ್ಳುವ ಹುಡುಗ, ಅಷ್ಟನ್ನೂ ಒಂದೊಂದಾಗಿ ಎಣಿಸಿ ಹೇಳಿದ ಹಾಡು. ಗುರುಗಳು ಅರ್ಥ ಹೇಳಿದಾಗ ಎಪ್ಪತ್ತೆರಡರ ಖಡಿ ಕೆಲಸ ನನ್ನ ಕಣ್ಣ ಮುಂದೆ ಬಂತು. 2018ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ರ‍್ಯಾಪ್ ಹಾಡುಗಾರನಿಗೆ ಅಲ್ಲಿಯ ಪುಲಿಟ್ಝರ್ ಬಹುಮಾನ ಸಂಗೀತಕ್ಕಾಗಿ ಬಂತು. ಶಾಸ್ತ್ರೀಯ ಸಂಗೀತ, ಜಾಝ್ ಎರಡನ್ನು ಬಿಟ್ಟು ಹೊರಗಿನವನಿಗೆ ಅದು ಸಿಕ್ಕದ್ದು ಅದೇ ಮೊದಲು. ಬಹುಮಾನ ಬಂತೆಂದು ನಾನು ಒಪ್ಪಬೇಕಾಗಿಲ್ಲ, ಹಾಗೆ ನೋಡಿದರೆ ನಮ್ಮ ಮೇಳಕ್ಕೆ ಬಂದದ್ದು ಎಲ್ಲ ಶಾಲು ತೆಂಗಿನಕಾಯಿ. ನನಗೆ ಹಿಡಿಸಿದ್ದು ತಮಿಳಿನ ಅರಿವು ಎಂಬ ಹುಡುಗ, ಧೀ ಎಂಬ ಹುಡುಗಿಯ ಕೂಡ 2021ರಲ್ಲಿ ಹಾಡಿದ ಎಂಜಾಯ್ ಎಂಜಾಮಿ. ಅದರಲ್ಲಿ ಅವನು ತನ್ನ ಅಜ್ಜಿ ವಳ್ಳಿಯಮ್ಮನನ್ನು ಕರೆದುಕೊಂಡು ಬಂದಿದ್ದಾನೆ. ಆಕೆ ಸಿಂಹಳದ ಚಹಾ ತೋಟದಲ್ಲಿ ದುಡಿದು ತಿರುಗಿ ಬಂದ ಮುದುಕಿ. ಊರವರ ಅಳುವ ಹಾಡಿನ ದನಿಯೂ ಅದರಲ್ಲಿ ಸೇರಿದೆ. ತಮಿಳು ನನಗೆ ಒಂದು ಅಕ್ಷರ ಬರುವುದಿಲ್ಲ, ಆದರೂ ನಾಲ್ಕು ಸಲ ಹಚ್ಚಿಸಿ ಕೇಳಿದೆ. ಮೊಮ್ಮಗ ನಗುತ್ತಿದ್ದ.

ಈಗ ಅವನ ಮಾತಿಗೆ ಬರುತ್ತೇನೆ. ಮಾತು ಬಿಟ್ಟವನು ಒಂಬತ್ತನೇ ದಿವಸ ತಾನೇ ಬಂದು ಫೋನ್ ಮುಂದೆ ಹಿಡಿದ. "ಮುತ್ಯಾ, ಇದ ಓದಿ ಬೈರಿ." ಬೇಸಿಗೆಯಲ್ಲಿ ನಮ್ಮೂರಿಗೆ ಟ್ಯಾಂಕರ್ ಬರುವುದು ನಿಮಗೆಲ್ಲ ಗೊತ್ತೇ ಅದ. ಅದರ ಮೇಲೆ ಕಟ್ಟಿದ್ದ:

ಟ್ಯಾಂಕರ್ ಬಂತು ಓಡ್ ಓಡ್, ಸಾಲಿನಾಗ ಕೊಡ ಇಟ್ಟೆ
ನನ್ನ ಪಾಳಿ ಬರೂದ್ರಾಗ ನೀರು ಖಾಲಿ, ಸಾಲಿ ಬಿಟ್ಟೆ
ನಾ ಬೆಂಕಿ, ನಾ ಸಿಡ್ಲು, ನಾ ಹುಲಿಯಾಗೇ ಹುಟ್ಟಿಬಿಟ್ಟೆ
ಖಾಲಿ ಕೊಡ ಬಾರಿಸ್ತೀನಿ, ತಾಳ ಹಾಕ್ತದ ಖಾಲಿ ಹೊಟ್ಟೆ

ಮೊದಲು ಓದಿದಾಗ ನಾನು, "ಸಾಲಿನಾಗ ಕೋಡು ಯಾಕ ಇಟ್ಟೀಯೋ, ಎತ್ತಿನ ಕೋಡೇನು?" ಎಂದು ಕೇಳಿದೆ. ಅವನು ಬರೆದದ್ದು ಮರಾಠಿ ಅಕ್ಷರದಲ್ಲಿ. ಅವನ ಸಾಲಿ ಮರಾಠಿ, ಕನ್ನಡ ಅಕ್ಷರ ಅವನಿಗೆ ಬರುವುದಿಲ್ಲ. ಮರಾಠಿ ಬರವಣಿಗೆಯಲ್ಲಿ ಗಿಡ್ಡ ಒ, ಉದ್ದ ಓ ಎಂದು ಬ್ಯಾರೆ ಬ್ಯಾರೆ ಇಲ್ಲ, ಹಾಗೇ ಎ, ಏ ಕೂಡ ಒಂದೇ. ಕೊಡವೂ ಕೋಡವಾಗುತ್ತದೆ. ಹಾಡುವಾಗ ಅವನ ಬಾಯಲ್ಲಿ ಸರಿಯಾಗೇ ಬರುತ್ತದೆ, ಯಾಕೆಂದರೆ ಅವ್ವನಿಂದ ಕಲಿತ ಮಾತು ಅದು. ಕಾಗದದ ಮೇಲೆ ಮಾತ್ರ ಗಿಡ್ಡ ಉದ್ದ ಎಲ್ಲ ಕಲಸಿಹೋಗುತ್ತದೆ. ಗಿಡ್ಡ ಉದ್ದದ ಲೆಕ್ಕ ತಪ್ಪಿದರೆ ಕನ್ನಡದಲ್ಲಿ ಪದ ಕಟ್ಟುವುದು ಹ್ಯಾಂಗ? ಅವನ ಮಗ ಇದನ್ನು ಓದಿದರೆ ಕೋಡು ಎಂದೇ ಓದುತ್ತಾನೆ. ಆ ರಾತ್ರಿ ನನಗೆ ನಿದ್ದಿ ಹತ್ತಲಿಲ್ಲ, ಖರೇ ಹೇಳುತ್ತೇನೆ.

ಪದದ ಗುಣ ನೋಡೋಣ. ಮೂರನೇ ಸಾಲು ಹೊಟ್ಟು. ಬೆಂಕಿ, ಸಿಡಿಲು, ಹುಲಿ ಇವೆಲ್ಲ ಯಾರದೋ ರ‍್ಯಾಪಿನಿಂದ ಕಡ ತಂದವು. ನೀರಿನ ಪಾಳಿಯಲ್ಲಿ ನಿಂತು ನೀರು ಸಿಗದೇ ಹೋದವ ಹುಲಿ ಹ್ಯಾಂಗ ಆದ? ಅಲ್ಲದೆ ಎರಡನೇ ಸಾಲಿನ ಬಿಟ್ಟೆಯನ್ನೇ ಮೂರನೆಯದರಲ್ಲೂ ತಂದಿದ್ದಾನೆ. ನಮ್ಮ ಕಣದಲ್ಲಿ ಹಾಗೆ ಮಾಡಿದರೆ ಎದುರಿನವರು, ಗಂಟಿನಾಗ ಒಂದೇ ರೂಪಾಯಿ ಇತ್ತೇನೋ ಎಂದು ನಗುತ್ತಾರೆ. ನಾಲ್ಕನೇ ಸಾಲು ಮಾತ್ರ ನನ್ನನ್ನು ನಿಲ್ಲಿಸಿತು. ಖಾಲಿ ಕೊಡವನ್ನೇ ವಾದ್ಯ ಮಾಡಿದ. ನೀರು ತುಂಬಿದ್ದರೆ ಅದು ನುಡಿಯುತ್ತಿರಲಿಲ್ಲ. ಇಲ್ಲ ಅನ್ನುವುದೇ ಸಪ್ಪಳ ಮಾಡುತ್ತದೆ. ಮತ್ತು ಸಾಲು, ಸಾಲಿ ಎಂಬ ಎರಡು ಮಾತು ಒಂದರ ಮುಂದೊಂದು. ಸಾಲಿನಲ್ಲಿ ನಿಂತದ್ದಕ್ಕೆ ಸಾಲಿ ಹೋಯಿತು. ಇದನ್ನು ಬೇಕೆಂದೇ ಇಟ್ಟೆಯೋ ಎಂದರೆ, "ಇಲ್ಲ ಮುತ್ಯಾ, ಹಂಗ ಬಂತು" ಅಂದ. ಹಂಗ ಬರುವುದೇ ಬರಬೇಕಾದ್ದು. ನಲವತ್ತು ವರ್ಷದಲ್ಲಿ ನನಗೆ ಅಂಥದ್ದು ಏಳೆಂಟು ಸಲ ಬಂದಿರಬಹುದು.

ಮೂರನೇ ಸಾಲು ತೆಗೆ ಎಂದೆ. ತೆಗೆಯುವುದಿಲ್ಲ ಅಂದ. ಬಡಾಯಿ ಇಲ್ಲದಿದ್ದರೆ ಗೆಳೆಯರು ಕೇಳುವುದಿಲ್ಲವಂತೆ. ನನಗೂ ಸಿಟ್ಟು ಬಂತು, ಮೇಲೆ ಬರೆದ ನನ್ನ ತ್ರಿಪದಿ ಹಾಡಿ ತೋರಿಸಿ, ನೋಡು, ಬರ ಅಂದರೆ ಹೀಗೆ ಹೇಳಬೇಕು, ನಾನು ಎಂಬುದು ಎಲ್ಲಾದರೂ ಅದ ಏನು ಎಂದು ಕೇಳಿದೆ. ಅವನು ಪೂರಾ ಕೇಳಿದ. "ಛಲೋ ಅದ ಮುತ್ಯಾ. ಆದ್ರ ನಿಮ್ಮ ಪದದಾಗ ಟ್ಯಾಂಕರ್ ಯಾಕಿಲ್ಲ? ಖಡಿ ಒಡದದ್ದು ಯಾಕಿಲ್ಲ? ಸುಕಡಿ ಯಾಕಿಲ್ಲ? ಬರೀ ಕುರಿ ಅದ."

ಭೀಮಾ ದಂಡೆಯ ಆ ಹೆಣ್ಣುಮಗಳು ದಪ್ಪು ಕಾಸಿಕೊಂಡು ಮತ್ತೆ ಬಂದು ನಿಂತಂತೆ ಆಯಿತು.

ನನ್ನ ತ್ರಿಪದಿಯನ್ನು ಯಾವ ಬರಕ್ಕೂ ಹಾಡಬಹುದು, ನೂರು ವರ್ಷದ ಹಿಂದಿನದಕ್ಕೂ, ಮುಂದಿನದಕ್ಕೂ. ಅದು ಅದರ ಗುಣ, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಅವ್ವನ ಅಂಗೈಯ ಬೊಕ್ಕೆಗಳು ಅದರಲ್ಲಿ ಇಲ್ಲ ಎಂಬುದೂ ಖರೇ. ಹುಡುಗನ ಪದಕ್ಕೆ ತಾರೀಖು ಅದ, ಓಣಿ ಅದ, ಪಾಳಿ ತಪ್ಪಿಸಿದವರು ಕೇಳಿದರೆ ಮುಖ ಕೆಂಪು ಮಾಡಿಕೊಳ್ಳುತ್ತಾರೆ. ನಮ್ಮ ಹಿರಿಯರಿಗೂ ಈ ಕಲೆ ಗೊತ್ತಿತ್ತು. ಸ್ವಾತಂತ್ರ್ಯದ ಚಳವಳಿಯಲ್ಲಿ ಹುಲಕುಂದ ಭೀಮಕವಿಯಂಥವರು ಗೀಗೀ ಪದದಲ್ಲಿ ಇಂಗ್ರಜರ ಸುದ್ದಿ, ಖಾದಿಯ ಸುದ್ದಿ ಹಾಡಿ ಊರೂರು ಎಬ್ಬಿಸಿದರು. ಆಗ ನಮ್ಮ ಪದಕ್ಕೂ ತಾರೀಖು ಇತ್ತು. ಅದನ್ನು ಕಳೆದುಕೊಂಡವರು ನಾವು. ಎದುರಿನವರನ್ನು ಸೋಲಿಸಲು ಪುರಾಣದ ಗಂಟು ಬಿಚ್ಚುತ್ತ ಕೂತು, ಊರ ಬಾವಿ ಬತ್ತಿದ್ದನ್ನು ಪದಕ್ಕೆ ತರಲಿಲ್ಲ. ನಾನಂತೂ ತರಲಿಲ್ಲ.

ಹಾಗೆಂದು ಅವರಿಗೆ ಪೂರಾ ಗೆಲುವು ಕೊಡುವವನಲ್ಲ ನಾನು. ಫೋನಿನ ತಾಳದ ಬಗ್ಗೆ ನನ್ನ ಮಾತು ಉಳಿದದೆ. ಆ ತಾಳ ಯಾರಿಗೂ ಕಾಯುವುದಿಲ್ಲ. ದಪ್ಪು ಬಾರಿಸುವವನು ಹಾಡುವವನ ಮಾರಿ ನೋಡುತ್ತಾನೆ, ಅವನಿಗೆ ಉಸಿರು ಸಾಲದಿದ್ದರೆ ಒಂದು ಕೂದಲೆಳೆಯಷ್ಟು ತಡೆಯುತ್ತಾನೆ, ಜನ ಭಲೇ ಅಂದರೆ ಅದು ಇಳಿಯುವ ತನಕ ಪೆಟ್ಟು ತಿರುಗಿಸುತ್ತಾನೆ. ಹಿಮ್ಮೇಳದವರು ಗೀ ಗೀ ಎಂದು ಎತ್ತಿಕೊಂಡಾಗ ಮುಂದಿನವನಿಗೆ ಯೋಚನೆ ಮಾಡಲು ಸಮಯ ಸಿಗುತ್ತದೆ, ಜವಾಬು ಹುಟ್ಟುವುದು ಆ ಸಂದಿನಲ್ಲೇ. ಮೊದಲೇ ಬರೆದು, ಮೊದಲೇ ತುಂಬಿಸಿದ ತಾಳದ ಮೇಲೆ ಒಪ್ಪಿಸುವವನಿಗೆ ಆ ಸಂದು ಇಲ್ಲ. ಬ್ಯಾಟಲಿನಲ್ಲಿ ನಿಂತು ಕಟ್ಟುವವರ ಮಾತು ಬ್ಯಾರೆ, ನಮ್ಮೂರ ಪೋರರು ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಎಲ್ಲ ಬರೀ ಬಾಯಿಪಾಠ. ಯಾರಾದರೂ ನಡುವೆ ಒಂದು ಪ್ರಶ್ನೆ ಎಸೆದರೆ ಫೋನ್ ಬಂದ್ ಮಾಡಿ ನಿಲ್ಲುತ್ತಾರೆ.

ಇದನ್ನು ಅವನಿಗೆ ಹೇಳಿದೆ. ಹಾಗಾದರೆ ನೀವೇ ಬಾರಿಸಿರಿ ಅಂದ. ಗೂಟದಿಂದ ದಪ್ಪು ತೆಗೆದು ಒಲೆಗೆ ಹಿಡಿದು ಕಾಸಿದೆ. ಟ್ಯಾಂಕರಿನ ಪದ ಸುರು ಮಾಡಿದ. ಎರಡನೇ ಸಾಲಿನ ನಡುವೆಯೇ ಉಸಿರು ಹತ್ತಿತು, ನಾನು ತಡೆದೆ, ಅವನಿಗೆ ತಡೆದದ್ದು ಗೊತ್ತಾಗದೆ ಮುಂದೆ ಓಡಿದ, ಇಬ್ಬರೂ ಬಿದ್ದೆವು. ಅವನ ಅವ್ವ ಒಳಗಿನಿಂದ ನಕ್ಕಳು. ಮೂರನೇ ಸಲಕ್ಕೆ ಸ್ವಲ್ಪ ಕೂಡಿತು. ಹುಲಿಯ ಸಾಲು ಬಂದಾಗ ನಾನು ಬೇಕೆಂದೇ ಪೆಟ್ಟು ಬಿಟ್ಟೆ. ಅವನು ನನ್ನನ್ನು ನೋಡಿ, ಆ ಸಾಲು ಹಾರಿಸಿ, ಸೀದಾ ಖಾಲಿ ಕೊಡಕ್ಕೆ ಹೋದ.

ಕಮಿಟಿಯವರಿಗೆ ಹೇಳಿದ್ದೇನೆ, ಈ ನವರಾತ್ರಿಯ ಐದನೇ ರಾತ್ರಿ ಅರ್ಧ ತಾಸು ಪೋರರಿಗೆ ಬಿಡಿರಿ ಎಂದು. ನಾನು ಹಾಕಿದ ಕಟ್ಟಳೆ ಎರಡು. ತಾಳ ಫೋನಿನದು ಬೇಡ, ದಪ್ಪು ನಾನು ಹಿಡಿಯುತ್ತೇನೆ. ಎರಡನೆಯದು, ಹಾಡುವ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದು ವಾಚನಾಲಯದ ವಹಿಗೆ ಕೊಡಬೇಕು. ಮೊದಲನೆಯದಕ್ಕೆ ಹೂಂ ಅಂದಿದ್ದಾರೆ. ಎರಡನೆಯದಕ್ಕೆ ಅವರೂ ಒಂದು ಕಟ್ಟಳೆ ಹಾಕಿದ್ದಾರೆ: ಖಡಿ ಒಡೆದದ್ದರ ಮೇಲೆ ನಾನೂ ಒಂದು ಪದ ಕಟ್ಟಬೇಕಂತೆ. ಮೊಮ್ಮಗ ದಿನಾ ಸಂಜಿಗೆ ವಾಚನಾಲಯದಲ್ಲಿ ಒಂದನೇ ಇಯತ್ತೆಯ ಕನ್ನಡ ಪುಸ್ತಕ ಹಿಡಿದು ಕೂಡ್ರುತ್ತಾನೆ, ಒಕಾರ ಓಕಾರದ ತನಕ ಬಂದಿದ್ದಾನೆ. ನನ್ನ ಪದ ಇನ್ನೂ ಮೊದಲನೇ ಸಾಲಿನಲ್ಲೇ ನಿಂತದೆ.